ಅಪ್ಪನ ಹೆಸರು ಎತ್ತಿದರೆ ಎದ್ದು ಹೋಗುತ್ತಿದ್ದ ಹುಡುಗಿ

(ಹೆಸರು ಮತ್ತು ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

ಹುಡುಗಿಗೆ 12 ವರ್ಷ. ಪಲ್ಲವಿ ಅನ್ನೋಣ. ಸಿಂಧನೂರಿನ ಹತ್ತಿರ ಅವ್ವನ ಜೊತೆ ಅಜ್ಜನ ಮನೆಯಲ್ಲಿದ್ದಾಳೆ. ಅಪ್ಪ ಬಳ್ಳಾರಿಯಲ್ಲಿ ನಾಲ್ಕಾರು ಮಷೀನು ಇಟ್ಟುಕೊಂಡು ಜೀನ್ಸ್ ಹೊಲಿಸುತ್ತಾರೆ. ಗಂಡ ಹೆಂಡತಿ ಬೇರೆಯಾಗಿ ಮೂರು ವರ್ಷ. ತಿಂಗಳಿಗೆ ಎರಡು ಭಾನುವಾರ ಮಗಳನ್ನು ನೋಡಬಹುದು ಅಂತ ಕೋರ್ಟು ಹೇಳಿದೆ. ಆದರೆ ಮಗಳು ಬರಲ್ಲ. ಬಂದರೂ ಬೆನ್ನು ಹಾಕಿ ಕೂರುತ್ತಾಳೆ, ಅಪ್ಪ ಮಾತು ಶುರು ಮಾಡಿದರೆ ಎದ್ದು ಬಾಗಿಲ ಹತ್ತಿರ ಹೋಗಿ ನಿಲ್ಲುತ್ತಾಳೆ.

ನನ್ನದು ಕೌನ್ಸೆಲಿಂಗ್ ಕೆಲಸ. ಅಪ್ಪ ನನ್ನ ಹತ್ತಿರ ಯೂಟ್ಯೂಬ್ ನೋಡಿಕೊಂಡೇ ಬಂದಿದ್ದರು. 'ಮೇಡಂ, ಇದಕ್ಕ ಪೇರೆಂಟಲ್ ಏಲಿಯನೇಷನ್ ಅಂತಾರ. ಆಕಿನೇ ತಲಿ ಕೆಡಿಸ್ಯಾಳ. ನೀವು ಹೆಂಗಾರ ಮಾಡಿ ಸರಿ ಮಾಡ್ರಿ.' ಅಂದರೆ ಅಪ್ಪ ಅವ್ವ ಇಬ್ಬರಲ್ಲಿ ಒಬ್ಬರು ಮಗುವಿನ ಮನಸ್ಸನ್ನು ಇನ್ನೊಬ್ಬರ ಮೇಲೆ ತಿರುಗಿಸಿಬಿಡುವುದು. ಆ ಮಾತು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. 1985ರಲ್ಲಿ ಅಮೆರಿಕದ ಮನೋವೈದ್ಯ ರಿಚರ್ಡ್ ಗಾರ್ಡ್ನರ್ ಇದನ್ನೊಂದು ಸಿಂಡ್ರೋಮ್ ಅಂತ ಕರೆದರು. ಮನೋವೈದ್ಯರು ಬಳಸುವ ಕಾಯಿಲೆಗಳ ಕೈಪಿಡಿ ಡಿಎಸ್ಎಂ-5ರಲ್ಲಿ ಅಂಥ ಕಾಯಿಲೆ ಇಲ್ಲ. ನಮ್ಮ ಸುಪ್ರೀಂ ಕೋರ್ಟು ಮಾತ್ರ 2017ರ ಒಂದು ತೀರ್ಪಿನಲ್ಲಿ ಈ ಹೆಸರು ಎತ್ತಿದ್ದು ನಿಜ. ವಕೀಲರಿಗೆ ಅಷ್ಟು ಸಾಕಲ್ವಾ, ಈಗ ಎಲ್ಲರ ಅರ್ಜಿಯಲ್ಲೂ ಇದೇ ಮಾತು.

ಮಗು ಒಲ್ಲೆ ಅಂದಾಗ ನಾನು ಮೊದಲು ನೋಡುವುದು ಹೊಡೆತ, ಕುಡಿತ, ಮೈಮೇಲೆ ಕೈ ಹಾಕಿದ್ದು ಇಂಥದ್ದೇನಾದರೂ ಇದೆಯಾ ಅಂತ. ಇದ್ದರೆ ಕೂಡಿಸುವ ಕೆಲಸಕ್ಕೆ ನಾನು ಕೈ ಹಾಕಲ್ಲ. ಪಲ್ಲವಿ ಜೊತೆ ಒಬ್ಬಳನ್ನೇ ಕೂರಿಸಿಕೊಂಡು ಮಾತಾಡಿದೆ, ಅವ್ವನ ಜೊತೆ ಬೇರೆ ಮಾತಾಡಿದೆ. ಅಂಥದ್ದೇನೂ ಇರಲಿಲ್ಲ. 'ಜೀವನಾಂಶ ಕೊಡದೆ ಸತಾಯಿಸ್ತಾರ್ರಿ, ನಮ್ಮ ಬಾಳು ಹಾಳು ಮಾಡ್ಯಾರ' ಅಂದಳು ಹುಡುಗಿ. ಏಳನೇ ಕ್ಲಾಸಿನ ಮಗುವಿನ ಮಾತಾ ಇದು? ನಾನು ವಾದ ಮಾಡಲಿಲ್ಲ. 'ಅದು ಅವ್ವನ ಬೇಜಾರು, ನಿಂದು ಯಾವುದು?' ಅಂತ ಮಾತ್ರ ಕೇಳಿದೆ.

ಅವತ್ತು ಉತ್ತರ ಬರಲಿಲ್ಲ. ಆಮೇಲೊಂದು ದಿನ ಚಿತ್ರ ಬಿಡಿಸ್ತಾ ಬಿಡಿಸ್ತಾ ತಾನೇ ಹೇಳಿದಳು. ಕೊಪ್ಪಳದ ಗವಿಮಠದ ಜಾತ್ರೆಗೆ ಕರ್ಕೊಂಡು ಹೋಗ್ತೀನಿ ಅಂತ ಅಪ್ಪ ಹೇಳಿದ್ದರಂತೆ. ಇವಳು ಹೊಸ ಫ್ರಾಕ್ ಹಾಕಿಕೊಂಡು ಕತ್ತಲಾಗುವವರೆಗೆ ಕಟ್ಟೆ ಮೇಲೆ ಕೂತಿದ್ದಳು, ಅಪ್ಪ ಬರಲಿಲ್ಲ, ಫೋನೂ ಎತ್ತಲಿಲ್ಲ, ಮಾವನ ಮಕ್ಕಳೆಲ್ಲ ನಕ್ಕರು. ಇದು ಯಾರೂ ಹೇಳಿಕೊಟ್ಟದ್ದಲ್ಲ.

ಮಗಳ ಒಪ್ಪಿಗೆ ತಗೊಂಡೇ ಅಪ್ಪನಿಗೆ ಹೇಳಿದೆ. ಅವರು ತಕ್ಷಣ, 'ಅವತ್ತು ಮಾಲು ಕಳಿಸೋದಿತ್ತು ಮೇಡಂ, ಮ್ಯಾಲೆ ಅವರ ಮಾವನೇ ಬರಬ್ಯಾಡ ಅಂದಿದ್ದ.' ಇರಬಹುದು. ಆದರೆ ಮಗಳಿಗೆ ಮೊದಲು ಬೇಕಿರುವುದು ಅದಲ್ಲ. ಒಂದು ಚೀಟಿ ಬರೆಯಿರಿ ಅಂದೆ. ಬರೆದು ತಂದದ್ದು ಒಂದೂವರೆ ಪುಟ, ಅದರಲ್ಲಿ ಮಗಳಿಗಿಂತ ಬೀಗರ ಮನೆಯವರ ವಿಷಯವೇ ಜಾಸ್ತಿ. 'ಆದ್ರೆ' ಅಂತ ಬಂದ ಕಡೆಯೆಲ್ಲ ಪೆನ್ನಿಂದ ಗೆರೆ ಎಳೆಯುತ್ತಾ ಹೋದೆ. ಕೊನೆಗೆ ಉಳಿದದ್ದು ಇಷ್ಟು: 'ಜಾತ್ರೆಗೆ ಬರ್ತೀನಿ ಅಂದು ಬರಲಿಲ್ಲ. ಫೋನೂ ಎತ್ತಲಿಲ್ಲ. ನೀನು ಕಾಯ್ದೆ. ತಪ್ಪಾತು ಮಗಳೇ.' ಅವರಿಗೆ ಸಮಾಧಾನ ಇರಲಿಲ್ಲ, ಇಷ್ಟೇನಾ ಅಂದರು. ಇಷ್ಟೇ ಅಂದೆ. ಪಲ್ಲವಿ ಓದಿ ಏನೂ ಹೇಳಲಿಲ್ಲ, ಮಡಚಿ ಕಂಪಾಸ್ ಬಾಕ್ಸಿನಲ್ಲಿಟ್ಟುಕೊಂಡಳು.

ಅವ್ವನ ಕಡೆಯ ಕೆಲಸ ಇನ್ನೂ ಕಷ್ಟ. 'ನಾನು ಮಗಳ ಮುಂದ ಅವರ ಬಗ್ಗೆ ಒಂದು ಮಾತೂ ಆಡಲ್ರಿ' ಅಂತಾರೆ, ಅದು ಅವರ ಮಟ್ಟಿಗೆ ನಿಜ. ಆದರೆ ತಂಗಿ ಜೊತೆ ಫೋನು ಸ್ಪೀಕರಿನಲ್ಲೇ ಇರುತ್ತೆ, ಒಂದೇ ಪಡಸಾಲೆ, ಹುಡುಗಿ ಅಲ್ಲೇ ಹೋಂವರ್ಕ್ ಬರೀತಿರ್ತಾಳೆ. ಭೇಟಿ ಮುಗಿಸಿ ಬಂದ ಕೂಡಲೇ 'ಏನಂದ? ದುಡ್ಡಿನ ವಿಷಯ ಕೇಳಿದ್ನಾ?' ಅಂತ ವಿಚಾರಣೆ. ಇದನ್ನು ನಿಲ್ಲಿಸಿ ಅಂದೆ. ಹೋಗುವಾಗ 'ಹೋಗಿ ಬಾ' ಅನ್ನಿ, ಬಂದಾಗ 'ಊಟ ಮಾಡ್ತೀಯಾ' ಅನ್ನಿ, ಸಾಕು. ಅಪ್ಪನಿಗೆ ಹೇಳಿದ್ದು, ಜೀವನಾಂಶ ಪ್ರತಿ ತಿಂಗಳು ತಾರೀಕಿಗೆ ಸರಿಯಾಗಿ ಬ್ಯಾಂಕಿಗೇ ಹಾಕಿ. 'ಮಗಳನ್ನ ತೋರಿಸಿದ್ರೆ ಕೊಡ್ತೀನಿ' ಅನ್ನೋ ಹಂಗಿಲ್ಲ. 'ದುಡ್ಡು ಬಂದ್ರೆ ಕಳಿಸ್ತೀನಿ' ಅಂತ ಅವ್ವ ಅನ್ನೋ ಹಂಗೂ ಇಲ್ಲ. ಎರಡೂ ಬೇರೆ ಬೇರೆ.

ಮೊದಲ ಭೇಟಿ ನನ್ನ ಕೋಣೆಯಲ್ಲೇ, ಅರ್ಧ ಗಂಟೆ. ಎದುರುಬದುರು ಕೂರಿಸಿ 'ಮಾತಾಡಿ' ಅಂದರೆ ದೊಡ್ಡವರೇ ಒದ್ದಾಡ್ತಾರೆ, ಅದಕ್ಕೇ ಏನಾದರೂ ಕೆಲಸ ಇರಲಿ ಅಂತ ಹೇಳಿದ್ದೆ. ಸ್ಕೂಲ್ ಬ್ಯಾಗಿನ ಪಟ್ಟಿ ಕಿತ್ತಿತ್ತು. ಅಪ್ಪ ದಪ್ಪ ಸೂಜಿ, ಜೀನ್ಸಿನ ಕಿತ್ತಳೆ ದಾರ ತಂದಿದ್ದರು. ತಲೆ ಎತ್ತದೆ ಹೊಲಿಯುತ್ತಾ ಕೂತರು. ಸುಮಾರು ಹೊತ್ತಾದ ಮೇಲೆ ಹುಡುಗಿ, 'ಅಲ್ಲಲ್ಲ, ಈ ಕಡೀನೂ ಬಿಚ್ಚೇತಿ' ಅಂದಳು. ಅಷ್ಟೇ. ಅವತ್ತಿಗೆ ಅಲ್ಲಿಗೇ ಮುಗಿಸಿದೆ, ಅಪ್ಪನಿಗೆ ಇನ್ನೂ ಇರಬೇಕು ಅಂತಿತ್ತು.

ಅಮೆರಿಕದಂತೆ ನಾಲ್ಕೇ ದಿನದಲ್ಲಿ ಸರಿ ಮಾಡೋ ಕ್ಯಾಂಪು ಇಲ್ಲವಾ ಅಂತ ಅವರೊಮ್ಮೆ ಕೇಳಿದರು. ಅಲ್ಲಿ ಮಗುವನ್ನು ಅದು ನೆಚ್ಚಿಕೊಂಡವರಿಂದ ಪೂರ್ತಿ ದೂರ ಇಟ್ಟು ಇನ್ನೊಬ್ಬರ ಜೊತೆ ಕೂಡಿಸುವ ಪದ್ಧತಿ ನಡೆದಿತ್ತು. ಅದರ ಮೇಲೆ ದೂರುಗಳು ಬಂದವು. 2022ರಲ್ಲಿ ಅಲ್ಲಿ ಕೇಡನ್ಸ್ ಲಾ ಅನ್ನುವ ಕಾನೂನು ಬಂತು. ಇಂಥದ್ದಕ್ಕೆ ಕಡಿವಾಣ ಹಾಕುವ ರಾಜ್ಯಗಳಿಗೆ ಅದರಲ್ಲಿ ಅನುದಾನ ಇದೆ. ಅವ್ವನನ್ನು ಕಿತ್ತುಕೊಂಡು ಅಪ್ಪನನ್ನು ಕೊಡುವುದು ಯಾವ ಚಿಕಿತ್ಸೆ, ಹೇಳಿ. ನಮ್ಮಲ್ಲಿ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯೇ ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನು ಕೋರ್ಟು ಪರಿಗಣಿಸಬಹುದು ಅನ್ನುತ್ತೆ.

ಈಗ ಪಲ್ಲವಿ ತಿಂಗಳಿಗೊಂದು ಭಾನುವಾರ ಅಪ್ಪನ ಜೊತೆ ಹೊರಗೆ ಹೋಗ್ತಾಳೆ, ಸಂಜೆಯೊಳಗೆ ವಾಪಸ್. ಇನ್ನೊಂದು ಭಾನುವಾರ ಒಲ್ಲೆ ಅಂದಿದ್ದಾಳೆ, ಅದನ್ನು ಎಳೆಯಬೇಡಿ ಅಂದಿದ್ದೇನೆ. ದಸರಾ ರಜೆಗೆ ಬಳ್ಳಾರಿಗೆ ಕಳಿಸಿ ಅಂತ ಅಪ್ಪ ಕೇಳ್ತಿದ್ದಾರೆ. ರಾತ್ರಿ ಉಳಿಯುವ ಮಾತು ಅವಳ ಬಾಯಿಂದಲೇ ಬರಲಿ, ಅಲ್ಲಿಯವರೆಗೆ ಮುಂದಿನ ವಾಯಿದೆಗೆ ಅರ್ಜಿ ಗಿರ್ಜಿ ಹಾಕೋಕೆ ಹೋಗಬೇಡಿ ಅಂತ ಹೇಳಿ ಕಳಿಸಿದ್ದೇನೆ.