ಎಕ್ಸ್‌ರೇ ಚೆನ್ನಾಗಿದೆ, ಕೆಮ್ಮಿಲ್ಲ. ಆದರೂ ಟಿಬಿ ಗುಳಗಿ ಏಕೆ?

ಪ್ರಶ್ನೆ: ನಮ್ಮ ಮಾವನವರಿಗೆ ಕಫ ಪರೀಕ್ಷೆಯಲ್ಲಿ ಟಿಬಿ ಅಂತ ಬಂದಿದೆ. ಗುಳಗಿ ಶುರುವಾಗಿ ಹತ್ತು ದಿನ. ಅವರ ತಾಟು, ತಂಬಿಗೆ ಬೇರೆ ಇಟ್ಟಿದ್ದೇವೆ. ನನಗೂ ನಮ್ಮ ಮನೆಯವರಿಗೂ ಕೆಮ್ಮಿಲ್ಲ, ಜ್ವರವಿಲ್ಲ, ಎಕ್ಸ್‌ರೇ ಚೆನ್ನಾಗಿದೆ. ಆದರೆ ಕೈಗೆ ಚುಚ್ಚಿ ಮಾಡಿದ ಪರೀಕ್ಷೆಯಲ್ಲಿ ಇಬ್ಬರದೂ ಪಾಸಿಟಿವ್. ವಾರಕ್ಕೊಮ್ಮೆಯಂತೆ ಮೂರು ತಿಂಗಳು ಗುಳಗಿ ತಗೊಳ್ಳಿ ಎಂದಿದ್ದಾರೆ. ಮೂರು ವರ್ಷದ ಮಗನಿಗೆ ಆ ಚುಚ್ಚುವ ಪರೀಕ್ಷೆಯನ್ನೂ ಮಾಡದೆ ಔಷಧ ಕೊಟ್ಟಿದ್ದಾರೆ. ರೋಗವೇ ಇಲ್ಲದ ಮೇಲೆ ಗುಳಗಿ ಯಾಕೆ? ಮೈಯ ಶಕ್ತಿಯೇ ಕ್ರಿಮಿಯನ್ನು ಕೊಲ್ಲುವುದಿಲ್ಲವೇ?
– ಸೇಡಂ ತಾಲ್ಲೂಕಿನ ಓದುಗರೊಬ್ಬರು

ಉತ್ತರ: ಮೊದಲು ತಾಟು, ತಂಬಿಗೆ ಒಳಗೆ ತನ್ನಿ. ಶ್ವಾಸಕೋಶದ ಟಿಬಿ ಪಾತ್ರೆಯಿಂದ ಬರುವುದಿಲ್ಲ, ಉಸಿರಾಡುವ ಗಾಳಿಯಿಂದ ಬರುತ್ತದೆ. ನಿಮ್ಮ ಮಾವನವರಿಗೆ ಬೇರೆ ತಾಟು ಕೊಟ್ಟರೆ ಅವರ ಮನಸ್ಸು ನೋಯುತ್ತದೆಯೇ ಹೊರತು ಯಾರಿಗೂ ರಕ್ಷಣೆ ಸಿಗುವುದಿಲ್ಲ.

ಬೆಳಕಿಂಡಿಯಿಂದ ಬಿಸಿಲಕೋಲು ಬಿದ್ದಾಗ ಅದರಲ್ಲಿ ಧೂಳಿನ ಕಣ ತೇಲುವುದನ್ನು ನೋಡಿರುತ್ತೀರಿ. ರೋಗಿ ಕೆಮ್ಮಿದಾಗ ಹಾರುವ ಹನಿಗಳು ಒಣಗಿ ಉಳಿಯುವ ಕಣ ಅದಕ್ಕಿಂತಲೂ ಸಣ್ಣದು, 1ರಿಂದ 5 ಮೈಕ್ರಾನ್. ಮುಚ್ಚಿದ ಕೋಣೆಯಲ್ಲಿ ಅದು ಗಂಟೆಗಟ್ಟಲೆ ತೇಲುತ್ತದೆ. ದೊಡ್ಡ ಹನಿಯಾದರೆ ಮೂಗು, ಗಂಟಲಲ್ಲೇ ಸಿಕ್ಕಿಬೀಳುತ್ತಿತ್ತು. ಇದು ನೇರ ಶ್ವಾಸಕೋಶದ ತುದಿಯ ಗಾಳಿಗೂಡುಗಳಿಗೆ ಇಳಿಯುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ ಝಳಕ್ಕೆ ಹೆದರಿ ಹೊತ್ತೇರುವ ಮೊದಲೇ ಬಾಗಿಲು, ಕಿಟಕಿ ಹಾಕಿಬಿಡುತ್ತೇವೆ. ಮನೆಯಲ್ಲಿ ರೋಗಿ ಇದ್ದಾಗ ಅದೇ ದೊಡ್ಡ ತಪ್ಪು. ಮಾವನವರು ಗಾಳಿ ಆಡುವ ಪಡಸಾಲೆಯಲ್ಲಿ ಮಲಗಲಿ, ಈ ಮೊದಲ ವಾರಗಳಲ್ಲಿ ಮಾಸ್ಕ್ ಹಾಕಿಕೊಳ್ಳಲಿ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಗಾಳಿಗೂಡಿನಲ್ಲಿ ಕಾವಲಿಗಿರುವ ಮ್ಯಾಕ್ರೊಫೇಜ್ ಎಂಬ ಕೋಶ ಒಳಬಂದ ಕ್ರಿಮಿಯನ್ನು ನುಂಗುತ್ತದೆ. ಬೇರೆ ಬ್ಯಾಕ್ಟೀರಿಯಾ ಆಗಿದ್ದರೆ ಅಲ್ಲಿಗೆ ಕಥೆ ಮುಗಿಯುತ್ತಿತ್ತು: ನುಂಗಿದ ಚೀಲಕ್ಕೆ ಆಮ್ಲ, ಜೀರ್ಣರಸ ತುಂಬಿದ ಇನ್ನೊಂದು ಚೀಲ ಬಂದು ಕೂಡಿ ಕ್ರಿಮಿ ಕರಗಿಹೋಗುತ್ತದೆ. ಟಿಬಿ ಕ್ರಿಮಿ ಆ ಎರಡು ಚೀಲಗಳು ಕೂಡದಂತೆ ತಡೆಯುತ್ತದೆ. ಮೇಣದಂಥ ದಪ್ಪ ಹೊದಿಕೆಯೂ ಅದಕ್ಕೆ ಆಸರೆ. ಹೀಗೆ ಕೊಲ್ಲಬೇಕಾದ ಕೋಶವೇ ಅದಕ್ಕೆ ಮನೆಯಾಗುತ್ತದೆ. ಅದಕ್ಕೆ ಅವಸರವೂ ಇಲ್ಲ. ಒಂದು ಎರಡಾಗಲು ಸುಮಾರು 20 ಗಂಟೆ ಬೇಕು.

ಎರಡರಿಂದ ಎಂಟು ವಾರಗಳಲ್ಲಿ ಟಿ ಕೋಶಗಳೆಂಬ ಇನ್ನೊಂದು ಬಗೆಯ ರಕ್ಷಣಾ ಕೋಶಗಳು ಅದನ್ನು ಗುರುತಿಸಿ ಬರುತ್ತವೆ, ಇಂಟರ್‌ಫೆರಾನ್ ಗಾಮಾ ಎಂಬ ರಾಸಾಯನಿಕ ಬಿಟ್ಟು ಮ್ಯಾಕ್ರೊಫೇಜ್‌ಗೆ ಬಲ ತುಂಬುತ್ತವೆ. ಆಗಲೂ ಕೆಲವು ಕ್ರಿಮಿ ಉಳಿದರೆ ಕೋಶಗಳೆಲ್ಲ ಅವುಗಳ ಸುತ್ತ ಒತ್ತೊತ್ತಾಗಿ ಸೇರಿ ಸಣ್ಣ ಗಂಟು ಕಟ್ಟುತ್ತವೆ. ಇದೇ ಗ್ರಾನ್ಯುಲೋಮ. ನಿಮ್ಮ ಮೈಯ ಶಕ್ತಿ ಮಾಡಿರುವುದು ಇಷ್ಟು: ಕೊಂದಿಲ್ಲ, ಕೂಡಿಹಾಕಿದೆ. ಕೈಯ ಪರೀಕ್ಷೆ ಪಾಸಿಟಿವ್ ಬಂದದ್ದು ಟಿ ಕೋಶಗಳಿಗೆ ಈ ಕ್ರಿಮಿಯ ಗುರುತು ಸಿಕ್ಕಿದೆ ಎಂಬುದಕ್ಕೆ.

ಹೀಗೆ ಸೋಂಕು ತಗಲಿದ ನೂರರಲ್ಲಿ ಐದರಿಂದ ಹತ್ತು ಮಂದಿಗೆ ಜೀವಮಾನದಲ್ಲಿ ಎಂದಾದರೂ ರೋಗ ಬರುತ್ತದೆ. ಅದರಲ್ಲಿ ಅರ್ಧದಷ್ಟು ಮೊದಲ ಎರಡು ವರ್ಷದೊಳಗೆ. ಸಕ್ಕರೆ ಕಾಯಿಲೆ, ಎಚ್‌ಐವಿ, ಅಪೌಷ್ಟಿಕತೆ ಇದ್ದರೆ ಗಂಟು ಬೇಗ ಸಡಿಲವಾಗುತ್ತದೆ. ಒಳಭಾಗ ಸತ್ತು, ಗಿಣ್ಣದ ಹಾಗೆ ಮೆತ್ತಗಾಗಿ, ಕರಗಿ ಶ್ವಾಸನಾಳಕ್ಕೆ ಒಡೆದರೆ ಶ್ವಾಸಕೋಶದಲ್ಲಿ ಗುಂಡಿ ಬೀಳುತ್ತದೆ, ಕೆಮ್ಮಿನೊಂದಿಗೆ ಕ್ರಿಮಿ ಹೊರಬೀಳುತ್ತದೆ. ಆ ಗುಂಡಿ ತೋಡುವುದರಲ್ಲಿ ನಮ್ಮದೇ ರಕ್ಷಣಾ ಕೋಶಗಳ ಪಾಲು ದೊಡ್ಡದು. ಅದಕ್ಕೇ ‘ಇಮ್ಯುನಿಟಿ ಹೆಚ್ಚಿಸುವ’ ಪುಡಿ, ಕಷಾಯಗಳನ್ನು ಗುಳಗಿಯ ಜಾಗದಲ್ಲಿ ನಂಬಬೇಡಿ. ಊಟದ ಮಾತು ಬೇರೆ. ಜಾರ್ಖಂಡ್‌ನಲ್ಲಿ ರೋಗಿಗಳ ಮನೆಯವರಿಗೆ ಪೌಷ್ಟಿಕ ರೇಷನ್ ಕೊಟ್ಟು ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅವರಲ್ಲಿ ಹೊಸ ಟಿಬಿ ಪ್ರಮಾಣದಲ್ಲಿ ಮೂರನೇ ಒಂದು ಭಾಗಕ್ಕೂ ಮೀರಿದ ಇಳಿಕೆ ಕಂಡಿತು. ತೊಗರಿಬೇಳೆ, ಶೇಂಗಾ, ಮೊಟ್ಟೆ, ಹಾಲು ಮನೆಯವರೆಲ್ಲರ ತಾಟಿಗೂ ಬರಲಿ.

ನಿಮಗೆ ಹೇಳಿರುವುದು ಐಸೋನಿಯಾಜಿಡ್ ಮತ್ತು ರಿಫಾಪೆಂಟಿನ್, ವಾರಕ್ಕೊಮ್ಮೆ, ಒಟ್ಟು 12 ಸಲ. ಗಂಟಿನೊಳಗಿನ ಕೆಲವೇ ಕ್ರಿಮಿಗಳಿಗೆ ಇದು ಸಾಕು. ಮಾವನವರ ಮೈಯಲ್ಲಿ ಕೋಟಿಗಟ್ಟಲೆ ಇರುವುದರಿಂದಲೇ ಅವರಿಗೆ ಮೊದಲ ಎರಡು ತಿಂಗಳು ನಾಲ್ಕು ಔಷಧ, ಆಮೇಲೆ ನಾಲ್ಕು ತಿಂಗಳು ಮೂರು. ರೋಗ ಇದ್ದವರಿಗೆ ತಡೆಗಟ್ಟುವ ಗುಳಗಿಯಷ್ಟೇ ಕೊಟ್ಟರೆ ಔಷಧಕ್ಕೆ ಬಗ್ಗದ ಕ್ರಿಮಿ ಬೆಳೆಯುತ್ತದೆ. ಅದಕ್ಕೇ ಮೊದಲು ನಿಮ್ಮ ಎಕ್ಸ್‌ರೇ ನೋಡಿದ್ದು.

ನಿಮ್ಮೂರ ಸಂತೆಯ ದಿನವನ್ನೇ ಗುಳಗಿಯ ದಿನ ಮಾಡಿಕೊಳ್ಳಿ, ಮರೆಯುವುದಿಲ್ಲ. ಮರೆತರೆ ನೆನಪಾದ ದಿನ ತೆಗೆದುಕೊಳ್ಳಿ, ಆದರೆ ಎರಡು ಡೋಸ್ ನಡುವೆ ಕನಿಷ್ಠ ಮೂರು ದಿನ ಇರಲಿ. ಮೂತ್ರ ಕಿತ್ತಳೆ ಬಣ್ಣವಾದರೆ ಗಾಬರಿ ಬೇಡ. ಹಸಿವು ಸತ್ತು, ವಾಂತಿಯಾಗಿ, ಕಣ್ಣು ಹಳದಿಯಾದರೆ ಗುಳಗಿ ನಿಲ್ಲಿಸಿ ಅಂದೇ ವೈದ್ಯರಿಗೆ ತೋರಿಸಿ. ಅದು ಯಕೃತ್ತಿಗೆ ಪೆಟ್ಟು ಬಿದ್ದ ಲಕ್ಷಣ. ಮದ್ಯ ಬೇಡವೇ ಬೇಡ. ನೀವು ಗರ್ಭನಿರೋಧಕ ಗುಳಗಿ ತೆಗೆದುಕೊಳ್ಳುತ್ತಿದ್ದರೆ ಈ ಔಷಧ ಅದರ ಬಲ ತಗ್ಗಿಸುತ್ತದೆ, ಬೇರೆ ವಿಧಾನ ಕೇಳಿಕೊಳ್ಳಿ.

ಮಗನ ವಿಷಯದಲ್ಲಿ ಒಂದು ದಿನವೂ ತಡ ಮಾಡಬೇಡಿ. ಐದು ವರ್ಷದೊಳಗಿನ ಮಕ್ಕಳಲ್ಲಿ ಆ ಗಂಟು ಗಟ್ಟಿಯಾಗಿ ಕಟ್ಟುವುದಿಲ್ಲ. ಕ್ರಿಮಿ ರಕ್ತದ ಮೂಲಕ ಮೆದುಳಿನ ಪೊರೆಗೆ ಹೋಗಬಹುದು. ಹುಟ್ಟಿದಾಗ ಹಾಕಿಸಿದ ಬಿಸಿಜಿ ಲಸಿಕೆ ಆ ಅಪಾಯವನ್ನು ತಗ್ಗಿಸುತ್ತದೆ, ಪೂರ್ತಿ ತಪ್ಪಿಸುವುದಿಲ್ಲ. ಆದ್ದರಿಂದಲೇ ಈ ವಯಸ್ಸಿನವರಿಗೆ ರೋಗ ಇಲ್ಲವೆಂದು ಖಚಿತವಾದರೆ ಸಾಕು, ಕೈಯ ಪರೀಕ್ಷೆಗೆ ಕಾಯದೆ ಔಷಧ ಶುರು ಮಾಡುತ್ತಾರೆ. ಮಗುವಿನ ತೂಕ ಏರದಿದ್ದರೆ, ಆಟ ಬಿಟ್ಟು ಮಂಕಾದರೆ, ಎರಡು ವಾರ ಕೆಮ್ಮು ಅಥವಾ ಜ್ವರ ಉಳಿದರೆ ಕೊಟ್ಟ ಔಷಧದ ಮೇಲೆ ಭಾರ ಹಾಕಿ ಕೂರದೆ ಮತ್ತೆ ಕರೆದುಕೊಂಡು ಹೋಗಿ.