ಬೂರ್ಕಾ ಅಂದರೆ ಯಾವ ಗಾಳಿ, ಯಾವ ಮಳೆ?

ತಮ್ಮಾ, ನೀನು ಕೇಳಿದ್ದು ಎರಡು ಪ್ರಶ್ನೆ. ಬರುವ ತಿಂಗಳು ನಿತ್ರಾದ ಜಾಗ್ವಾರ್ ಲ್ಯಾಂಡ್ ರೋವರ್ ಕಾರ್ಖಾನೆಗೆ ಕೆಲಸಕ್ಕೆ ಬರುತ್ತಿದ್ದೀಯ, ಸ್ಲೊವಾಕಿಯಾದಲ್ಲಿ ಇಂಗ್ಲಿಷ್ ಒಂದೇ ಸಾಕಾ ಅನ್ನುವುದು ಮೊದಲನೆಯದು. ಯಾರೋ ಕೊಟ್ಟ ಪಟ್ಟಿಯನ್ನು ಬಾಯಿಪಾಠ ಮಾಡಲಾ ಅನ್ನುವುದು ಎರಡನೆಯದು. ಆ ಪಟ್ಟಿಯಲ್ಲಿ ಎಡಕ್ಕೆ ಗಾಳಿ, ಗುಡುಗು, ಮಿಂಚಿಗೆ ಸೇರಿದ ಇಂಗ್ಲಿಷ್ ಮಾತುಗಳಿವೆ, ಬಲಕ್ಕೆ ಅವುಗಳ ಸ್ಲೊವಾಕ್ ಅನುವಾದ.

ಮೊದಲನೆಯದಕ್ಕೆ ಉತ್ತರ ಚಿಕ್ಕದು. ಕಾರ್ಖಾನೆಯ ಒಳಗೆ ಸಾಕು, ಗೇಟಿನ ಹೊರಗೆ ಸಾಲದು. ಅಂಚೆ ಕಚೇರಿಯ ಕಿಟಕಿಯಲ್ಲಿ ಕೂತವರಿಗೆ, ಡಾಕ್ಟರ ಬಾಗಿಲಲ್ಲಿ ಕೂತ ನರ್ಸಮ್ಮನಿಗೆ, ಬಾಡಿಗೆ ಮನೆಯ ಓನರ್ ಅಜ್ಜಿಗೆ ನಿನ್ನ ಇಂಗ್ಲಿಷ್ ಕಟ್ಟಿಕೊಂಡು ಏನಾಗಬೇಕು?

ಎರಡನೆಯದಕ್ಕೆ ಉತ್ತರ ಉದ್ದ. ಯಾಕೆಂದರೆ ಆ ಪಟ್ಟಿಯ ಮೊದಲ ಸಾಲಿನಿಂದಲೇ ನನ್ನ ಜೇಬಿಗೆ ಪೆಟ್ಟು ಬಿದ್ದಿತ್ತು.

'ಸ್ಟಾರ್ಮ್' ಎದುರಿಗೆ 'ಬೂರ್ಕಾ' ಅಂತಿದೆ ಅಲ್ವಾ? ನಾನೂ ಹಾಗೇ ಕಲಿತಿದ್ದೆ. ರಾಜಧಾನಿ ಬ್ರಾಟಿಸ್ಲಾವಾಕ್ಕೆ ಬಂದ ಎರಡನೇ ವರ್ಷ, ಫೆಬ್ರವರಿ ತಿಂಗಳು. ಒಂದು ರಾತ್ರಿ ಗಾಳಿ ಎದ್ದಿತು. ಮಳೆಯಿಲ್ಲ, ಮೋಡವೂ ಇಲ್ಲ, ನಕ್ಷತ್ರ ಕಾಣುತ್ತಿತ್ತು. ಆರನೇ ಮಹಡಿಯ ಬಾಲ್ಕನಿಯಲ್ಲಿದ್ದ ಕುರ್ಚಿ ಹಾರಿ ಬಂದು ಎರಡು ಗಾಜು ಒಡೆಯಿತು. ಮನೆ ಸಾಮಾನಿಗೆ ವಿಮೆ ಇತ್ತು. ಬೆಳಿಗ್ಗೆ ಅರ್ಜಿ ತುಂಬಿದೆ. ಕಾರಣ ಅಂತಿರುವ ಕಡೆ ಹೆಮ್ಮೆಯಿಂದ 'ಬೂರ್ಕಾ' ಅಂತ ಬರೆದೆ. ಮೂರು ವಾರ ಬಿಟ್ಟು ಉತ್ತರ ಬಂತು: ಆ ದಿನ ನಿಮ್ಮ ಪ್ರದೇಶದಲ್ಲಿ ಬೂರ್ಕಾ ದಾಖಲಾಗಿಲ್ಲ, ಹಣ ಕೊಡಲಾಗುವುದಿಲ್ಲ.

ಪಕ್ಕದ ಮನೆಯ ಅಜ್ಜಿಗೆ ಕಾಗದ ತೋರಿಸಿದೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. 'ಫೆಬ್ರವರಿಯಲ್ಲಿ ಬೂರ್ಕಾನಾ? ಗುಡುಗು ಕೇಳಿದೆಯಾ? ಮಿಂಚು ನೋಡಿದೆಯಾ? ಅದು ವೀಖ್ರಿತ್ಸಾ ಮಗಳೇ!' ಅಂದರು. ಗುಡುಗು, ಮಿಂಚು ಇದ್ದರೆ ಮಾತ್ರ ಬೂರ್ಕಾ. ಬರೀ ಗಾಳಿ ಹುಚ್ಚೆದ್ದು ಬೀಸಿದರೆ ವೀಖ್ರಿತ್ಸಾ, ಅಂದರೆ ನಮ್ಮ ಬಿರುಗಾಳಿ. ಇಲ್ಲಿನ ವಿಮೆ ಪತ್ರಗಳಲ್ಲಿ ಸಾಮಾನ್ಯವಾಗಿ ಗಾಳಿ ಗಂಟೆಗೆ 75 ಕಿಲೋಮೀಟರ್ ಮುಟ್ಟಿದರೆ ಅದಕ್ಕೆ ವೀಖ್ರಿತ್ಸಾ ಅನ್ನುತ್ತಾರೆ. ಆಲಿಕಲ್ಲಿಗೆ ಬೇರೆ ಕಲಂ, ಸಿಡಿಲಿಗೆ ಬೇರೆ ಕಲಂ. ಪದ ಬದಲಿಸಿ ಮತ್ತೆ ಅರ್ಜಿ ಹಾಕಿದೆ, ಹಣ ಬಂತು. ಅಷ್ಟರಲ್ಲಿ ಉಳಿದ ಚಳಿಗಾಲ ಪೂರ್ತಿ ಕಿಟಕಿಗೆ ರಟ್ಟು ಅಂಟಿಸಿಕೊಂಡು ಕೂತಿದ್ದಾಗಿತ್ತು.

ಇಂಗ್ಲಿಷಿನವರಿಗೆ ಗಾಳಿ ಜಾಸ್ತಿಯಾದರೂ ಸ್ಟಾರ್ಮ್, ಹಿಮ ಬಂದರೂ ಸ್ಟಾರ್ಮ್. ಸ್ಲೊವಾಕರಲ್ಲಿ ಹೆಚ್ಚಿನವಕ್ಕೆ ಬೇರೆ ಬೇರೆ ಹೆಸರುಂಟು. ಹಿಮ ತೂರಿಕೊಂಡು ಬೀಸುವ ಗಾಳಿ ಫುಯಾವಿತ್ಸಾ. ಜಡಿದು ಹೋಗುವ ಮಳೆ ಲೆಯಾಕ್. ಮೋಡವೇ ಹರಿದು ಬಿದ್ದ ಹಾಗೆ ಸುರಿದರೆ 'ಮೋಡಗಳ ಹರಕು' ಅನ್ನುವ ಅರ್ಥದ ಇನ್ನೊಂದು ಮಾತಿದೆ. ಆಲಿಕಲ್ಲು ಕ್ರೂಪಿ. 2024ರ ಸೆಪ್ಟೆಂಬರಿನಲ್ಲಿ ದಿನಗಟ್ಟಲೆ ಮಳೆ ಹೊಡೆದು ಡ್ಯಾನ್ಯೂಬ್ ಉಕ್ಕಿತಲ್ಲ, ಬ್ರಾಟಿಸ್ಲಾವಾದ ದಂಡೆಯ ಉದ್ದಕ್ಕೂ ತಡೆಗೋಡೆ ನಿಲ್ಲಿಸಿದರಲ್ಲ, ಆಗ ಇಂಗ್ಲಿಷ್ ಸುದ್ದಿಯಲ್ಲಿ ಅದು 'ಸ್ಟಾರ್ಮ್ ಬೋರಿಸ್'. ಇಲ್ಲಿನ ಹವಾಮಾನದವರ ಬಾಯಲ್ಲಿ ಅದು ಬೋರಿಸ್ ಅನ್ನುವ 'ಒತ್ತಡದ ತಗ್ಗು', ಅಂದರೆ ನಮ್ಮ ವಾಯುಭಾರ ಕುಸಿತ. ಅವಸರದಲ್ಲಿ ಅನುವಾದಿಸಿದ ಕೆಲವು ಸುದ್ದಿಗಳಲ್ಲಿ ಮಾತ್ರ 'ಬೂರ್ಕಾ ಬೋರಿಸ್' ಅಂತ ಬಂತು. ನಮ್ಮ ಪಕ್ಕದ ಮನೆ ಅಜ್ಜಿ ಅದನ್ನೋದಿ ಗೊಣಗಿದ್ದೂ ಗೊಣಗಿದ್ದೇ.

ಅದಕ್ಕೇ ನಾನು ಹೇಳುವುದು: ಪಟ್ಟಿಯ ಎಡಭಾಗ ಹರಿದು ಹಾಕು. ಅಲ್ಲಿ ಕನ್ನಡ ಬರೆದುಕೋ. ನಡುವೆ ಇಂಗ್ಲಿಷ್ ದಲ್ಲಾಳಿ ಯಾಕೆ?

ನಾನು ತೀರ್ಥಹಳ್ಳಿ ಕಡೆಯವಳು. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ, ಬ್ರಾಟಿಸ್ಲಾವಾದಲ್ಲಿ ಅದರ ಹತ್ತನೇ ಒಂದು ಭಾಗವೂ ಇಲ್ಲ. ಮಳೆಗೆ, ಗುಡುಗಿಗೆ ನಮ್ಮಲ್ಲಿ ಮಾತು ಕಮ್ಮಿಯಾ? ಮಿಂಚು ಬೇರೆ, ಸಿಡಿಲು ಬೇರೆ, ಗುಡುಗು ಬೇರೆ. ಇಲ್ಲಿ ಬ್ಲೆಸ್ಕ್ ಅಂದರೆ ಮಿಂಚು, ಹ್ರೊಮ್ ಅಂದರೆ ಗುಡುಗು ಅಂತ ನಿನ್ನ ಪಟ್ಟಿ ಹೇಳುತ್ತದೆ. ಅರ್ಧ ಸರಿ. ಮರಕ್ಕೆ ಸಿಡಿಲು ಹೊಡೆದರೆ ಹಳ್ಳಿಯವರು 'ಹ್ರೊಮ್ ಹೊಡೆಯಿತು' ಅಂತಲೂ ಹೇಳುತ್ತಾರೆ. ಮಾಡಿನ ಮೇಲಿನ ಮಿಂಚು ತಡೆಯುವ ಕಂಬಿಗೆ ಬ್ಲೆಸ್ಕೊಜ್ವೊದ್, ಹ್ರೊಮೊಜ್ವೊದ್ ಎರಡೂ ಹೆಸರುಂಟು. ಗುಡುಗು ಅಂತ ಕಲಿತವನಿಗೆ ಇದು ಗೊಂದಲ, ಸಿಡಿಲು ಅಂತ ಕಲಿತವನಿಗೆ ಗೊಂದಲವೇ ಇಲ್ಲ.

ಬೈಗುಳವೂ ಹಾಗೇ. 'ಸಿಡಿಲು ಹೊಡೀಲಿ' ಅಂತ ನಮ್ಮ ಕಡೆ ಶಾಪ ಹಾಕುತ್ತಾರಲ್ಲ, ಇವರೂ ಹಾಗೇ 'ಹ್ರೊಮ್ ದೊ ತೊಹೊ' ಅನ್ನುತ್ತಾರೆ, ಅದಕ್ಕೆ ಸಿಡಿಲು ಬಡಿಯಲಿ ಅಂತ. ಹಳಬರು 'ದೊ ಪರೊಮಾ' ಅಂತಲೂ ಗದರುತ್ತಾರೆ. ಪರೊಮ್ ಅಂದರೆ ಕ್ರೈಸ್ತ ಧರ್ಮ ಬರುವ ಮೊದಲು ಸ್ಲಾವ್ ಜನ ನಂಬಿದ್ದ ಪೆರುನ್, ಸಿಡಿಲಿನ ದೇವರು. ನಮ್ಮ ವಜ್ರಾಯುಧದ ಇಂದ್ರನ ಹಾಗೆ. ಪೂಜೆ ನಿಂತು ಸಾವಿರ ವರ್ಷವಾಯಿತು, ಬೈಗುಳದಲ್ಲಿ ಮಾತ್ರ ಆಸಾಮಿ ಗಟ್ಟಿಯಾಗಿದ್ದಾನೆ. ಕಾರ್ಖಾನೆಯಲ್ಲಿ ಬೋಲ್ಟ್ ಜಾರಿ ಬಿದ್ದಾಗ ಕೇಳಿಸಿಕೋ.

ವ್ಯಾಕರಣಕ್ಕೂ ಹೆದರಬೇಡ. ಇಂಗ್ಲಿಷಿನಲ್ಲಿ ಮಳೆ ಬರುವುದಕ್ಕೂ ಮಿಂಚುವುದಕ್ಕೂ 'ಇಟ್' ಅಂತ ಒಂದು ಸುಳ್ಳು ಕರ್ತೃ ಬೇಕು. ಇಲ್ಲಿ ಬೇಡ. ನಾವು 'ಗುಡುಗುತ್ತಿದೆ' ಅಂದು ಮುಗಿಸುವ ಹಾಗೆ ಇವರು 'ಹ್ರ್ಮೀ' ಅಂದು ಮುಗಿಸುತ್ತಾರೆ. ಬೂರ್ಕಾ, ಬೂರ್ಕು, ಬೂರ್ಕಿ, ಬೂರ್ಕೋವ್ ಅಂತ ಬಾಲ ಬದಲಾಗುವುದು ನೋಡಿ ಇಂಗ್ಲಿಷ್ ಮಾತ್ರ ಬಲ್ಲವರು ತಲೆ ಚಚ್ಚಿಕೊಳ್ಳುತ್ತಾರೆ. ಬಿರುಗಾಳಿಯನ್ನು, ಬಿರುಗಾಳಿಗೆ, ಬಿರುಗಾಳಿಯಿಂದ ಅಂತ ಹುಟ್ಟಿನಿಂದ ಹೇಳಿಕೊಂಡು ಬಂದ ನಿನಗೇನು ಕಷ್ಟ? ಒತ್ತು ಬೀಳುವುದು ಯಾವಾಗಲೂ ಪದದ ಮೊದಲಿಗೇ. ಹ್ರಸ್ವ, ದೀರ್ಘ ಎರಡೂ ಇವೆ, ಬರಹದಲ್ಲಿ ದೀರ್ಘಕ್ಕೆ ಮೇಲೊಂದು ಗೀಟು ಹಾಕುತ್ತಾರೆ.

ಇನ್ನು ನುಡಿಗಟ್ಟು. ಇಲ್ಲೇ ಮಜಾ ಇರುವುದು.

ಇಂಗ್ಲಿಷಿನಲ್ಲಿ ಆಕಾಶದಿಂದ ನಾಯಿ ಬೆಕ್ಕು ಬೀಳುತ್ತವೆ. ಸ್ಲೊವಾಕರಿಗೆ 'ಲೆಯೆ ಅಕೊ ಸ್ ಕೃಹ್ಲಿ', ಕೃಹ್ಲಾದಿಂದ ಸುರಿದ ಹಾಗೆ. ಕೃಹ್ಲಾ ಅಂದರೆ ಗಿಡಕ್ಕೆ ನೀರು ಹಾಕುವ ಮೂತಿಯ ಡಬ್ಬ. ಪದದ ಮೊದಲಲ್ಲಿ ಸ್ವರವೇ ಇಲ್ಲ ಅಂತ ಬೇರೆಯವರು ಒದ್ದಾಡುತ್ತಾರೆ, ನಮ್ಮ ಋ ಇದ್ದ ಹಾಗೆ ಅಂದುಕೊಂಡರೆ ಸಲೀಸು. ನಮ್ಮದು ಕುಂಭದ್ರೋಣ ಮಳೆ, ಕೊಡಗಟ್ಟಲೆ. ಅವರದು ಡಬ್ಬ, ನಮ್ಮದು ಕೊಡ. ಅವರ ಮಳೆಗೆ ಡಬ್ಬ ಸಾಕು ಅನ್ನು!

ಅನಿರೀಕ್ಷಿತವಾಗಿ ಎರಗುವ ಸುದ್ದಿಗೆ ಇಂಗ್ಲಿಷಿನಲ್ಲಿ ನೀಲಿ ಬಾನಿನಿಂದ ಬಿದ್ದ ಸಿಡಿಲು. ಇಲ್ಲಿ 'ಅಕೊ ಬ್ಲೆಸ್ಕ್ ಝ್ ಯಸ್ನೇಹೊ ನ್ಯೆಬಾ', ತಿಳಿಯಾಕಾಶದಿಂದ ಬಂದ ಮಿಂಚಿನ ಹಾಗೆ. ನಮ್ಮಲ್ಲಿ ಒಂದೇ ಪದ: ಬರಸಿಡಿಲು. ಮಳೆಯಿಲ್ಲದ ಬರದಲ್ಲಿ ಹೊಡೆದ ಸಿಡಿಲು. ಮೂರರಲ್ಲಿ ನನಗೆ ನಮ್ಮದೇ ಇಷ್ಟ, ಪಕ್ಷಪಾತ ಅಂದರೂ ಸರಿ.

ಸಣ್ಣ ವಿಷಯಕ್ಕೆ ದೊಡ್ಡ ಗಲಾಟೆಯಾದರೆ ಇಂಗ್ಲಿಷರದು ಟೀ ಕಪ್ಪಿನಲ್ಲಿ ಬಿರುಗಾಳಿ, ಸ್ಲೊವಾಕರದು 'ಬೂರ್ಕಾ ಫ್ ಪೊಹಾರಿ ವೊದಿ', ನೀರಿನ ಲೋಟದಲ್ಲಿ. ಇದನ್ನು ಪೇಪರಿನವರು ಜಾಸ್ತಿ ಬಳಸುತ್ತಾರೆ. ಜನ ಬಳಸುವುದು ಬೇರೆ: ಸೊಳ್ಳೆಯನ್ನು ಕತ್ತೆ ಮಾಡುವುದು. ಕೊಮಾರ್ ಅಂದರೆ ಸೊಳ್ಳೆ, ಸೊಮಾರ್ ಅಂದರೆ ಕತ್ತೆ. 'ಸ್ ಕೊಮಾರಾ ಸೊಮಾರಾ', ಪ್ರಾಸ ಕೇಳಿಸಿತಾ? ನಾವೂ ಪ್ರಾಸ ಕಟ್ಟಿಯೇ ಕಡ್ಡಿಯನ್ನು ಗುಡ್ಡ ಮಾಡುತ್ತೇವೆ. ಸೊಮಾರ್ ಅಂದಾಗ ನಮ್ಮ ಸೋಮಾರಿಯನ್ನು ನೆನೆಸಿಕೋ, ಮರೆಯುವುದಿಲ್ಲ. ಆದರೆ ಯಾರನ್ನೂ ಹಾಗೆ ಕರೆಯಬೇಡ, ಜಗಳ ಆದೀತು.

ಕೆಲವು ಮಾತು ಪದಕ್ಕೆ ಪದ ಹೊಂದುತ್ತವೆ. ಬೂರ್ಕಾಕ್ಕೆ ಮುಂಚಿನ ಮೌನ ಇಲ್ಲೂ ಇದೆ. 'ಗಾಳಿ ಬಿತ್ತಿದವನು ಬೂರ್ಕಾ ಕುಯ್ಯುತ್ತಾನೆ' ಅನ್ನುವುದು ಬೈಬಲಿನ ಹೋಶೇಯನ ಮಾತು, ಹಾಗಾಗಿ ಇಡೀ ಯೂರೋಪಿನಲ್ಲಿ ಓಡಾಡುತ್ತದೆ. ನಾವು ಮಾಡಿದ್ದುಣ್ಣೋ ಮಹರಾಯ ಅಂತೀವಿ. ಹಡಗು, ಬಂದರಿನ ಮಾತುಗಳು ಮಾತ್ರ ಹೊಂದುವುದೇ ಇಲ್ಲ. ಬಿರುಗಾಳಿಯಲ್ಲಿ ಸಿಕ್ಕಿದವನಿಗೆ ಯಾವ ಬಂದರಾದರೂ ಸರಿ ಅಂತ ಇಂಗ್ಲಿಷ್ ಗಾದೆ. ಈ ದೇಶಕ್ಕೆ ಸಮುದ್ರವೇ ಇಲ್ಲ! ಇವರು ಮುಳುಗುವವನು ಹುಲ್ಲುಕಡ್ಡಿಯನ್ನೂ ಹಿಡಿಯುತ್ತಾನೆ ಅನ್ನುತ್ತಾರೆ, ಅಪ್ಪಟ ನಮ್ಮ ಗಾದೆ. ಬಾಣಲೆಯಿಂದ ಬೆಂಕಿಗೆ ಬಿದ್ದವನು ಇಲ್ಲಿ ಮಳೆಯಿಂದ ಓಡಿ ಸೂರಂಚಿನ ಧಾರೆಯ ಕೆಳಗೆ ನಿಲ್ಲುತ್ತಾನೆ. ಕಷ್ಟದ ಮೇಲೆ ಕಷ್ಟ ಬಂದರೆ ನಮಗೆ ಬರಗಾಲದಲ್ಲಿ ಅಧಿಕ ಮಾಸ. ಇವರದು ಸಪ್ಪೆ, 'ದುರದೃಷ್ಟ ಒಂಟಿಯಾಗಿ ನಡೆಯುವುದಿಲ್ಲ' ಅಷ್ಟೇ. ಇನ್ನು ಬ್ರೈನ್‌ಸ್ಟಾರ್ಮಿಂಗ್ ಅನ್ನು ಅನುವಾದಿಸಲು ಹೋಗಬೇಡ, ಮೀಟಿಂಗಿನಲ್ಲಿ ಎಲ್ಲರೂ ಹಾಗೇ ಅನ್ನುತ್ತಾರೆ.

ಒಂದು ನನಗೆ ತುಂಬ ಹಿಡಿಸಿದ್ದು. ಜೂನ್ 8 ಇಲ್ಲಿ ಸಂತ ಮೆದಾರ್ದ್ ದಿನ. ಅಂದು ಮಳೆ ಬಿದ್ದರೆ ಮೆದಾರ್ದನ ಹನಿ ನಲವತ್ತು ದಿನ ತೊಟ್ಟಿಕ್ಕುತ್ತದೆ ಅಂತ ಮಾತು. ಅಜ್ಜಿ ಇದನ್ನು ಹೇಳಿದಾಗ ಕ್ಯಾಲೆಂಡರ್ ತೆಗೆದು ನೋಡಿದೆ. ನಮ್ಮ ಮೃಗಶಿರಾ ಮಳೆ ಹುಟ್ಟುವುದೂ ಹೆಚ್ಚುಕಮ್ಮಿ ಅದೇ ದಿನ. ಅಮ್ಮನಿಗೆ ಫೋನ್ ಮಾಡಿ ಹೇಳಿದರೆ 'ಅಲ್ಲೂ ಗದ್ದೆ ಉಂಟಾ?' ಅಂತ ಕೇಳಿದಳು.

ಮತ್ತೆ ರಾಷ್ಟ್ರಗೀತೆ. ಐಸ್ ಹಾಕಿ ನೋಡಲು ಹೋದ ದಿನವೇ ಕೇಳುತ್ತೀಯ. ಅದು ಶುರುವಾಗುವುದೇ ತಾತ್ರಾ ಬೆಟ್ಟದ ಮೇಲೆ ಮಿಂಚುತ್ತಿದೆ, ಸಿಡಿಲು ಹೊಡೆಯುತ್ತಿದೆ ಅಂತ. 1844ರಲ್ಲಿ ಬ್ರಾಟಿಸ್ಲಾವಾದ ಶಾಲೆಯೊಂದು ಸ್ಲೊವಾಕ್ ಬರಹಭಾಷೆಗೆ ರೂಪ ಕೊಟ್ಟ ಮೇಷ್ಟ್ರು ಲ್ಯುದೊವೀತ್ ಶ್ತೂರ್ ಅವರನ್ನು ಪಾಠದಿಂದ ತೆಗೆಯಿತು. ವಿದ್ಯಾರ್ಥಿಗಳು ಸಿಟ್ಟಿನಿಂದ ಶಾಲೆ ಬಿಟ್ಟು ನಡೆದರು. ಅವರಲ್ಲೊಬ್ಬ ಯಾಂಕೊ ಮಾತೂಶ್ಕಾ, ಬಾವಿ ತೋಡುವ ಹುಡುಗಿಯ ಜನಪದ ಹಾಡಿನ ಧಾಟಿಗೆ ಈ ಸಾಲುಗಳನ್ನು ಕಟ್ಟಿದ. ಬೇರೆ ದೇಶದವರು ಸೂರ್ಯ, ಹೊಲ, ನದಿ ಹಾಡಿದರೆ ಇವರದು ಸಿಡಿಲಿನಿಂದಲೇ ಆರಂಭ.

ತಾತ್ರಾ ಅಂದ ಮೇಲೆ ಒಂದು ಮಾತು, ಇದು ತಮಾಷೆಯಲ್ಲ. ಬಂದ ಬೇಸಿಗೆಯಲ್ಲೇ ಗೆಳೆಯರು ನಿನ್ನನ್ನು ಅಲ್ಲಿಗೆ ಎಳೆದುಕೊಂಡು ಹೋಗುತ್ತಾರೆ. ಬೇಸಿಗೆಯ ಬೂರ್ಕಾ ಬರುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಬೆಳಗಿನ ಜಾವ ಹತ್ತಿ, ಮಧ್ಯಾಹ್ನದೊಳಗೆ ಶಿಖರ ಬಿಟ್ಟು ಇಳಿ. 2019ರ ಆಗಸ್ಟ್ 22ರಂದು ಪೋಲೆಂಡ್ ಕಡೆಯ ಗಿಯೆವೊಂತ್ ಶಿಖರದಲ್ಲಿ ಸಿಡಿಲಿಗೆ ನಾಲ್ವರು ಸತ್ತರು. ತುದಿಯಲ್ಲಿ ಕಬ್ಬಿಣದ ಶಿಲುಬೆ, ಹತ್ತಲು ಕಬ್ಬಿಣದ ಸರಪಳಿ. ಅದೇ ದಿನ ಸ್ಲೊವಾಕ್ ಬದಿಯಲ್ಲೂ ಒಬ್ಬರು ತೀರಿಕೊಂಡರು. ಬೆಟ್ಟದ ರಕ್ಷಣಾ ದಳದ ನಂಬರ್ 18300, ಬೇರೆಲ್ಲ ತುರ್ತಿಗೆ 112. ರಕ್ಷಣೆಯ ಖರ್ಚು ನಿನ್ನ ಮೇಲೇ ಬೀಳುತ್ತದೆ, ಬೆಟ್ಟಕ್ಕೆ ಬೇರೆ ವಿಮೆ ಮಾಡಿಸು, ಹೆಚ್ಚಿನ ದುಡ್ಡೇನಲ್ಲ. ದಾರಿಯಲ್ಲಿ ಕಾಡಿಲ್ಲದ ಇಳಿಜಾರು ಕಂಡರೆ, ಅದು 2004ರ ನವೆಂಬರ್ 19ರ ಗಾಳಿ ಉರುಳಿಸಿದ ಜಾಗ. ಒಂದೇ ಸಂಜೆಗೆ ಸುಮಾರು 12,000 ಹೆಕ್ಟೇರ್ ಮರ ಮಲಗಿತು. ಅದಕ್ಕೆ ಇವರು ಬೂರ್ಕಾ ಅನ್ನುವುದಿಲ್ಲ, ಕಲಾಮಿತಾ, ಅಂದರೆ ಮಹಾವಿಪತ್ತು, ಅನ್ನುತ್ತಾರೆ.

ಫೋನಿನಲ್ಲಿ ಹವಾಮಾನ ಇಲಾಖೆಯ ಎಚ್ಚರಿಕೆ ಬಂದರೆ 'ವೀಸ್ತ್ರಹಾ' ಅಂತಿರುತ್ತದೆ. ಹಳದಿ ಒಂದನೇ ಹಂತ, ಕಿತ್ತಳೆ ಎರಡು, ಕೆಂಪು ಮೂರು. ಪಕ್ಕದ ಪದ ಬೂರ್ಕಾನೋ, ಗಾಳಿಯೋ, ಮಳೆಯೋ ನೋಡಿಕೋ. ಈಗ ಗೊತ್ತಲ್ಲ.

ಹೊರಗಿನ ಗಾಳಿಗಿಂತ ಇಲ್ಲಿನ ಅಜ್ಜಿಯರಿಗೆ ಹೆಚ್ಚು ಭಯ ಒಳಗಿನ ಗಾಳಿಯದ್ದು. ಎದುರುಬದುರು ಕಿಟಕಿ ತೆರೆದರೆ ಬೀಸುವ ಗಾಳಿಗೆ ಪ್ರಿಯೆವಾನ್ ಅಂತ ಹೆಸರು. ಕುತ್ತಿಗೆ ಹಿಡಿಯುತ್ತದೆ, ಕಿವಿ ನೋಯುತ್ತದೆ ಅಂತ ಓಡಿ ಬಂದು ಮುಚ್ಚುತ್ತಾರೆ. ಊರಲ್ಲಿ ಅದಕ್ಕಾಗಿಯೇ ಕಿಟಕಿ ಇಡಿಸುತ್ತೇವೆ ಅಂತ ವಾದ ಮಾಡಬೇಡ, ಸುಮ್ನೆ ಮುಚ್ಚು.

ಕೊನೆಯದಾಗಿ, ತಿಂಗಳ ಎರಡನೇ ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಊರೆಲ್ಲ ಸೈರನ್ ಎರಡು ನಿಮಿಷ ಕೂಗುತ್ತದೆ. ಬರೀ ಪರೀಕ್ಷೆ. ನಾನು ಮೊದಲ ಸಲ ಪಾಸ್‌ಪೋರ್ಟ್ ಹಿಡಿದು ಆರು ಮಹಡಿ ಇಳಿದು ಓಡಿದ್ದೆ. ಕೆಳಗೆ ಅಜ್ಜಿ ಬೆಂಚಿನ ಮೇಲೆ ಕೂತು ಸೂರ್ಯಕಾಂತಿ ಬೀಜ ತಿನ್ನುತ್ತಿದ್ದರು.