ಓದುಗರ ಪ್ರಶ್ನೆ: ಪ್ರೌಢಶಾಲೆಯಲ್ಲಿ ಗ್ರೀಕ್ ನಾಟಕ

ಪ್ರಶ್ನೆ: ನಾನು ಚಿಂಚೋಳಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಒಂಬತ್ತನೆಯ ತರಗತಿಗೆ ಪಾಠ ಮಾಡುತ್ತೇನೆ. ಸೋಫೋಕ್ಲಿಸ್‌ನ ‘ಅಂತಿಗೊನೆ’ಯ ಕಥೆಯನ್ನು ಮಕ್ಕಳು ಆಸಕ್ತಿಯಿಂದ ಕೇಳಿದರು. ಆದರೆ ಚಟುವಟಿಕೆ ಮಾಡಿಕೊಂಡು ಬನ್ನಿ ಎಂದಾಗ ಹೆಚ್ಚಿನವರು ಥರ್ಮಾಕೋಲಿನ ರಂಗಮಂದಿರ ತಂದರು. ನಾಟಕದ ಒಂದು ಮಾತೂ ಅದರಲ್ಲಿರಲಿಲ್ಲ. ಶಾಲೆಯಲ್ಲಿ ವೇದಿಕೆಯಿಲ್ಲ, ಒಬ್ಬೊಬ್ಬರೇ ನಿಂತು ಅಭಿನಯಿಸಲು ಹಲವು ಹುಡುಗಿಯರು ಹಿಂಜರಿಯುತ್ತಾರೆ. ಏನು ಮಾಡಬಹುದು?
— ಒಬ್ಬ ಶಿಕ್ಷಕಿ, ಕಲಬುರಗಿ ಜಿಲ್ಲೆ

ಉತ್ತರ: ಪಾಠವನ್ನು ಮೇಳದಿಂದ ಆರಂಭಿಸಿರಿ. ಕ್ರಿ.ಪೂ. 441ರ ಸುಮಾರಿನಲ್ಲಿ ಅಥೆನ್ಸಿನ ಜನ ಈ ನಾಟಕವನ್ನು ನೋಡಿದಾಗ ಮಾತಾಡುವ ನಟರು ಮೂವರೇ ಇದ್ದರು. ಎಲ್ಲರೂ ಗಂಡಸರು, ಎಲ್ಲರೂ ಮುಖವಾಡ ಧರಿಸಿದವರು. ಅವರೊಡನೆ ಥೀಬ್ಸ್ ಪಟ್ಟಣದ ಹಿರಿಯರ ವೇಷದಲ್ಲಿ 15 ಮಂದಿಯ ಮೇಳವು ಹಾಡುತ್ತ, ಹೆಜ್ಜೆ ಹಾಕುತ್ತ, ಪ್ರವೇಶಿಸಿದ ಗಳಿಗೆಯಿಂದ ಕೊನೆಯವರೆಗೂ ರಂಗದಲ್ಲಿಯೇ ಇರುತ್ತಿತ್ತು. ಒಬ್ಬಳೇ ನಿಲ್ಲಲು ಅಂಜುವ ಹುಡುಗಿ ಹದಿನಾಲ್ಕು ಮಂದಿಯ ನಡುವೆ ದನಿ ಎತ್ತಲು ಅಂಜುವುದಿಲ್ಲ.

ನಿಮ್ಮ ಸೀಮೆಯ ಮಕ್ಕಳು ಭಜನೆಯಲ್ಲಿ ಒಬ್ಬರು ಹೇಳಿದ ಸೊಲ್ಲನ್ನು ಉಳಿದವರು ಎತ್ತಿಕೊಳ್ಳುವುದನ್ನು, ದೊಡ್ಡಾಟದ ಹಿಮ್ಮೇಳವನ್ನು, ಮೊಹರಂನ ಅಲಾಯಿ ಕುಣಿತವನ್ನು ಕಂಡು ಬೆಳೆದವರು. ಕಡಲನ್ನು ದಾಟಿ, ನೆಲವನ್ನು ಉತ್ತು, ಎಲ್ಲಕ್ಕೂ ಉಪಾಯ ಕಂಡುಕೊಂಡ ಮನುಷ್ಯ ಸಾವೊಂದರಿಂದ ಮಾತ್ರ ಪಾರಾಗಲಾರ ಎಂದು ಹೇಳುವ ಮೇಳದ ಹಾಡೊಂದು ಈ ನಾಟಕದಲ್ಲಿದೆ. ಅದನ್ನು ತಮಗೆ ಗೊತ್ತಿರುವ ಒಂದು ಧಾಟಿಗೆ ಕೂಡಿಸಲು ಹೇಳಿರಿ. ಯಾವ ಸಾಲನ್ನು ಮತ್ತೆ ಮತ್ತೆ ಹಾಡಬೇಕು, ಎಲ್ಲಿ ನಿಲ್ಲಬೇಕು ಎಂದು ತೀರ್ಮಾನಿಸುವಾಗ ಅವರು ಪಠ್ಯವನ್ನು ಓದಲೇಬೇಕಾಗುತ್ತದೆ. ಆದರೆ ಒಂದು ವ್ಯತ್ಯಾಸವನ್ನು ತಿಳಿಸಿಕೊಡಬೇಕು: ಈ ಹಿರಿಯರು ಕಥೆಯೊಳಗಿನ ಪಾತ್ರಗಳು. ದೊರೆ ಕ್ರಿಯಾನ್ ಅಂತಿಗೊನೆಯ ಸೋದರ ಪಾಲಿನೈಸಿಸ್‌ನ ಶವವನ್ನು ಯಾರೂ ಹೂಳಕೂಡದೆಂದು ಆಜ್ಞೆ ಮಾಡಿದಾಗ ಎದುರಾಡದವರು, ಕೊನೆಗೆ ಆ ಆಜ್ಞೆಯನ್ನು ಮೀರಿ ಸೆರೆಯಾದ ಅಂತಿಗೊನೆಯನ್ನು ಬಿಡಿಸೆಂದು ಅವನಿಗೇ ಹೇಳುತ್ತಾರೆ. ಪ್ರತಿ ಹಾಡಿನ ಬಳಿಕ ಹಿರಿಯರು ಈಗ ಯಾರ ಪರವಾಗಿದ್ದಾರೆ, ಅದನ್ನು ಯಾವ ಸಾಲು ತೋರಿಸುತ್ತದೆ ಎಂದು ಪ್ರತಿಯೊಬ್ಬರೂ ಬರೆದಿಡಲಿ. ರೂಪಣಾತ್ಮಕ ಮೌಲ್ಯಮಾಪನಕ್ಕೆ ಈ ಬರಹಕ್ಕಿಂತ ಉತ್ತಮವಾದ ಆಧಾರ ನನಗೆ ಕಾಣುವುದಿಲ್ಲ.

ಹಾಡಲು ಒಲ್ಲದವರಿಗೆ ಇನ್ನೊಂದು ಕೆಲಸವಿದೆ, ನನಗೆ ಅದು ಬಹಳ ಪ್ರಿಯವಾದುದು. ನಾಟಕದಲ್ಲಿ ಎಂಟು ಪಾತ್ರಗಳಿವೆ, ನಟರು ಮೂವರು. ಯಾರು ಯಾರ ಪಾತ್ರ ವಹಿಸಿರಬಹುದೆಂದು ದೊಡ್ಡ ಹಾಳೆಯ ಮೇಲೆ ಪ್ರವೇಶ, ನಿರ್ಗಮನಗಳನ್ನು ಗುರುತಿಸಿ ಕಂಡುಹಿಡಿಯಲಿ. ಕ್ರಿಯಾನ್ ಮತ್ತು ಅಂತಿಗೊನೆ ರಂಗದಲ್ಲಿರುವಾಗ ಕಾವಲುಗಾರ ಹೊರಟುಹೋಗುತ್ತಾನೆ, ಅನಂತರವೇ ತಂಗಿ ಇಸ್ಮೆನೆ ಬರುತ್ತಾಳೆ. ಇವೆರಡೂ ಒಬ್ಬನೇ ನಟನ ಪಾತ್ರಗಳಾಗಿರಬೇಕೆಂದು ಮಕ್ಕಳು ತಾವಾಗಿ ಕಂಡುಕೊಂಡರೆ, ಕವಿಯು ದೃಶ್ಯಗಳನ್ನು ಹಾಗೇಕೆ ಜೋಡಿಸಿದನೆಂಬುದನ್ನು ನೀವು ಬೇರೆಯಾಗಿ ವಿವರಿಸಬೇಕಾಗಿಲ್ಲ.

ವೇದಿಕೆಯ ಕೊರತೆ ದೊಡ್ಡದಲ್ಲ. ಗ್ರೀಸಿನ ಎಪಿಡಾರಸ್‌ನಲ್ಲಿ ಇಂದಿಗೂ ಉಳಿದಿರುವ ಬಯಲು ರಂಗಮಂದಿರದಲ್ಲಿ ಮೇಳದ ವೃತ್ತಾಕಾರದ ಅಂಗಳ ಸುಮಾರು 20 ಮೀಟರ್ ಅಗಲವಿದೆ. ಅಷ್ಟೇ ದೊಡ್ಡ ವೃತ್ತವನ್ನು ಶಾಲೆಯ ಮೈದಾನದಲ್ಲಿ ಸುಣ್ಣದಿಂದ ಬರೆದು, ಬಿಸಿಲೇರುವ ಮೊದಲು ಅಲ್ಲಿ ಹಾಡಿಸಿರಿ.

ಒಂದು ವಿಷಯದಲ್ಲಿ ಎಚ್ಚರವಿರಲಿ. ಈ ಕಥೆಯಲ್ಲಿ ಮೂವರು ತಮ್ಮ ಜೀವವನ್ನು ತಾವೇ ಕಳೆದುಕೊಳ್ಳುತ್ತಾರೆ. ಸೋಫೋಕ್ಲಿಸ್ ಆ ಸಾವುಗಳನ್ನು ರಂಗದ ಮೇಲೆ ತರದೆ, ನಡೆದುದನ್ನು ದೂತನ ಬಾಯಿಂದ ಹೇಳಿಸಿದ್ದಾನೆ. ನೀವೂ ಅವನ್ನು ಅಭಿನಯದ ವಿಷಯ ಮಾಡಬೇಡಿರಿ, ಆ ಭಾಗವನ್ನು ನೀವೇ ಓದಿ, ಮಕ್ಕಳೊಡನೆ ಮಾತನಾಡಿರಿ. ಹೂಳುವ ನೆಲದ ತಕರಾರುಗಳನ್ನು ಊರಿನಲ್ಲಿ ಕೇಳಿರುವ ಮಕ್ಕಳೂ ತರಗತಿಯಲ್ಲಿರಬಹುದು. ಅವರು ತಾವಾಗಿ ಆ ಮಾತೆತ್ತಿದರೆ ಸಮಾಧಾನದಿಂದ ಆಲಿಸಿರಿ, ನೀವಾಗಿ ಕೆದಕಬೇಡಿರಿ.

ಪಠ್ಯಕ್ಕೆ ಪಿ. ಲಂಕೇಶರ ಕನ್ನಡ ಅನುವಾದವಿದೆ. ಮುಂದಿನ ವರ್ಷ ಇದೇ ಮಕ್ಕಳು ಹತ್ತನೆಯ ತರಗತಿಗೆ ಬಂದಾಗ ರೂಪಾಂತರದ ಕೆಲಸ ಕೊಡಬಹುದು: ಬಿ.ಎಂ. ಶ್ರೀಕಂಠಯ್ಯನವರು 1929ರಲ್ಲಿ ಸೋಫೋಕ್ಲಿಸ್‌ನ ‘ಅಜಾಕ್ಸ್’ ನಾಟಕವನ್ನು ಮಹಾಭಾರತದ ನೆಲಕ್ಕೆ ತಂದು ‘ಅಶ್ವತ್ಥಾಮನ್’ ಬರೆದದ್ದು ಅವರ ಮುಂದಿರಲಿ.

ಪ್ರಶ್ನೆ: ಗ್ರೀಕ್ ಮುಖವಾಡವನ್ನು ಕಡಿಮೆ ಖರ್ಚಿನಲ್ಲಿ ಮಾಡಿಸುವುದು ಹೇಗೆ?
— ಒಬ್ಬ ಚಿತ್ರಕಲಾ ಶಿಕ್ಷಕ, ಬೀದರ್

ಉತ್ತರ: ಅಂದಿನ ಮುಖವಾಡಗಳು ಗಟ್ಟಿಗೊಳಿಸಿದ ನಾರುಬಟ್ಟೆಯಂಥ ಬಾಳಿಕೆಯಿಲ್ಲದ ವಸ್ತುಗಳಿಂದ ಆದುದರಿಂದ ಒಂದೂ ಉಳಿದಿಲ್ಲ, ಪಾತ್ರೆಗಳ ಮೇಲಿನ ಚಿತ್ರಗಳು, ಸುಟ್ಟ ಮಣ್ಣಿನ ಪ್ರತಿಕೃತಿಗಳು ಉಳಿದಿವೆ. ಊದಿದ ಬಲೂನಿನ ಮೇಲೆ ಹಳೆಯ ಪತ್ರಿಕೆಯ ಚೂರುಗಳನ್ನು ಮೈದಾ ಅಂಟಿನಿಂದ ನಾಲ್ಕೈದು ಪದರ ಹಚ್ಚಿ, ಚೆನ್ನಾಗಿ ಒಣಗಿದ ಮೇಲೆ ಕತ್ತರಿಸಿರಿ. ಒಣಗಿಸಲು ನೆರಳೇ ಲೇಸು, ಬಿಸಿಲಿಗೆ ಬಲೂನು ಒಡೆಯುತ್ತದೆ. ಬಾಯಿಯನ್ನು ಅಗಲವಾಗಿ ತೆರೆಯಿರಿ, ಇಲ್ಲವಾದರೆ ಮಾತು ಒಳಗೇ ಉಳಿಯುತ್ತದೆ. ಬಣ್ಣ ಹಚ್ಚುವ ಮೊದಲೇ ಮಕ್ಕಳು ಅದನ್ನು ಧರಿಸಿ ನಾಲ್ಕು ಸಾಲು ಹೇಳಿ ನೋಡಲಿ. ದೂರದಲ್ಲಿ ನಿಂತವರಿಗೆ ಕೇಳಿಸದಿದ್ದರೆ ಬಾಯಿಯನ್ನು ಇನ್ನಷ್ಟು ಕತ್ತರಿಸಬಹುದು.